ಉರುಳುವ ಮನೆಯಲ್ಲಿ ಮೆಕ್ಸಿಕೋದ ತೋಟದ ಸೀಮೆ

ನಮ್ಮ ಬೆಳೆಗಾರ ಬಾಂಧವರಲ್ಲಿ ಅನೇಕರ ಮಕ್ಕಳು ಈಗ ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರಲ್ಲಿಗೆ ಹೋಗಿ ಮೂರು ನಾಲ್ಕು ತಿಂಗಳು ಇದ್ದು ಬರುವ ಹಿರಿಯರೂ ಕಡಿಮೆಯಿಲ್ಲ. ಹೋದವರು ನಯಾಗರ ಜಲಪಾತ ನೋಡಿ, ಒಂದೆರಡು ದೊಡ್ಡ ಪಟ್ಟಣ ಸುತ್ತಿ, ಉಳಿದ ದಿನಗಳನ್ನು ಮನೆಯೊಳಗೆ ಕಿಟಕಿ ನೋಡುತ್ತ ಕಳೆದು ಬರುವುದೇ ಹೆಚ್ಚು. ಆದರೆ ಟೆಕ್ಸಾಸ್ ರಾಜ್ಯದ ದಕ್ಷಿಣದ ಗಡಿ ದಾಟಿದರೆ ಮೆಕ್ಸಿಕೋ ದೇಶ. ಅಲ್ಲಿ ಕಾಫಿ ಇದೆ, ಕೋಕೋ ಇದೆ, ವೆನಿಲ್ಲಾ ಇದೆ, ನೆರಳು ಮರಗಳಿವೆ, ನಮ್ಮ ಹಾಗೆ ಎರಡು ಮೂರು ಎಕರೆ ಇಟ್ಟುಕೊಂಡು ಬದುಕುವ ಲಕ್ಷಾಂತರ ಬೆಳೆಗಾರರಿದ್ದಾರೆ. ತೋಟದವರಿಗೆ ನೋಡತಕ್ಕ ಜಾಗವೆಂದರೆ ಅದೇ.

ಈ ತೋಟಗಳು ಇರುವುದು ಬೆಟ್ಟದ ಮೇಲಿನ ಸಣ್ಣ ಊರುಗಳಲ್ಲಿ. ಅಲ್ಲಿಗೆ ವಸತಿಗೃಹ, ಊಟದ ವ್ಯವಸ್ಥೆ ಎಲ್ಲೆಡೆ ಸಿಗದು. ಆದ್ದರಿಂದ ಮನೆಯನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ಹೋಗುವ ಪದ್ಧತಿ ಅಲ್ಲಿ ಬಹಳ ಕಾಲದಿಂದ ಇದೆ. ಇಂಥ ಪ್ರವಾಸ ಮಾಡಬಯಸುವವರು ತಿಳಿದಿರಬೇಕಾದ ಸಂಗತಿಗಳನ್ನೂ, ದಾರಿಯಲ್ಲಿ ಬೆಳೆಗಾರನ ಕಣ್ಣಿಗೆ ಬೀಳಬೇಕಾದ ವಿಷಯಗಳನ್ನೂ ಇಲ್ಲಿ ವಿವರಿಸಿದ್ದೇವೆ.

ಇದೆಂಥ ಗಾಡಿ?

ಮೋಟಾರ್ ಹೋಮ್ ಎಂದರೆ ಮಲಗಲು ಮಂಚ, ಗ್ಯಾಸ್ ಒಲೆ, ನೀರಿನ ತೊಟ್ಟಿ, ಕಕ್ಕಸು ಎಲ್ಲವೂ ಒಳಗೇ ಇರುವ ವಾಹನ. ಸ್ಪ್ಯಾನಿಷ್ ಭಾಷೆಯಲ್ಲಿ ಇದಕ್ಕೆ ‘ಕಾಸಾ ರೊದಾಂತೆ’ ಎನ್ನುತ್ತಾರೆ. ಉರುಳುವ ಮನೆ ಎಂದರ್ಥ. ಬಸ್ಸಿನಷ್ಟು ದೊಡ್ಡವೂ ಇವೆ, ವ್ಯಾನಿನಷ್ಟು ಸಣ್ಣವೂ ಇವೆ. ಹಳ್ಳಿಗಾಡಿಗೆ ಹೋಗುವವರು 20 ಅಡಿಯ ಆಸುಪಾಸಿನ ಸಣ್ಣ ಗಾಡಿಯನ್ನೇ ಆರಿಸಿಕೊಳ್ಳಬೇಕು. ಬೆಟ್ಟದ ರಸ್ತೆಗಳು ನಮ್ಮ ಘಾಟಿ ರಸ್ತೆಗಳಂತೆ ಕಿರಿದು. ತಿರುವಿನಲ್ಲಿ ಎದುರಿನಿಂದ ಲಾರಿ ಬಂದರೆ ಹಿಂದಕ್ಕೆ ಸರಿಯಬೇಕಾದೀತು. ಊರೊಳಗೆ ವಿದ್ಯುತ್ ತಂತಿ, ಮರದ ಕೊಂಬೆಗಳು ತಗ್ಗಿನಲ್ಲಿರುತ್ತವೆ. ಎತ್ತರದ ಗಾಡಿಯ ತಲೆಗೆ ಅವು ಸಿಕ್ಕಿದರೆ ಕಷ್ಟ.

ಹೊರಡುವ ಕಾಲ, ಕಾಗದಪತ್ರ

ಮೆಕ್ಸಿಕೋದಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಒಣ ಹವೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಕಾಫಿ ಕೊಯ್ಲು ಅಕ್ಟೋಬರಿನಲ್ಲಿ ತಗ್ಗು ಪ್ರದೇಶದಿಂದ ಶುರುವಾಗಿ ಎತ್ತರದ ಜಾಗಗಳಲ್ಲಿ ಮಾರ್ಚ್‌ವರೆಗೆ ನಡೆಯುತ್ತದೆ. ನಮ್ಮ ಅರೇಬಿಕಾ ಕೊಯ್ಲು, ಅಡಿಕೆ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೊರಟವರಿಗೂ ಅಲ್ಲಿ ಹಣ್ಣು ಕೀಳುವುದು, ಪಲ್ಪರ್ ತಿರುಗುವುದು, ಕಣದಲ್ಲಿ ಪಾರ್ಚ್‌ಮೆಂಟ್ ಹರಡಿರುವುದು ನೋಡಲು ಸಿಗುತ್ತದೆ.

ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಅಥವಾ ಕಾಯಂ ವಾಸದ ಪರವಾನಗಿ ಇರುವ ಭಾರತೀಯರಿಗೆ ಮೆಕ್ಸಿಕೋದ ಪ್ರತ್ಯೇಕ ವೀಸಾ ಬೇಕಿಲ್ಲ. ಗಡಿಯಲ್ಲಿ ಪ್ರವಾಸಿ ಚೀಟಿ ಮಾಡಿಸಿಕೊಂಡರೆ ಸಾಕು. ಹೆಚ್ಚೆಂದರೆ 180 ದಿನ ಕೊಡುತ್ತಾರೆ. ಎಷ್ಟು ದಿನ ಬರೆದುಕೊಟ್ಟಿದ್ದಾರೆಂದು ಅಲ್ಲಿಯೇ ಓದಿ ನೋಡಬೇಕು. ಅಮೆರಿಕಕ್ಕೆ ಮರಳಿ ಪ್ರವೇಶ ಸಿಗುವಂಥ ವೀಸಾ ಇದೆಯೇ ಎಂಬುದನ್ನು ಮಾತ್ರ ಹೊರಡುವ ಮುಂಚೆಯೇ ಖಚಿತ ಮಾಡಿಕೊಳ್ಳತಕ್ಕದ್ದು.

ಗಾಡಿಗೂ ರಹದಾರಿ ಬೇಕು. ಗಡಿಯ ಸುಮಾರು 20–30 ಕಿ.ಮೀ. ಪಟ್ಟಿಯನ್ನು ದಾಟಿ ಒಳನಾಡಿಗೆ ಹೋಗುವ ಪ್ರತಿ ಹೊರದೇಶದ ವಾಹನಕ್ಕೂ ತಾತ್ಕಾಲಿಕ ಆಮದು ಪರವಾನಗಿ ಮಾಡಿಸಬೇಕು. ‘ಬಾನ್‌ಹೆರ್ಸಿತೊ’ ಎಂಬ ಸೇನೆಯ ಬ್ಯಾಂಕು ಇದನ್ನು ಕೊಡುತ್ತದೆ. ಸಾಧಾರಣ ಕಾರಿಗೆ 180 ದಿನ. ಉರುಳುವ ಮನೆಗೆ 10 ವರ್ಷ. ಕೊನೆಯ ಸಲ ದೇಶ ಬಿಡುವಾಗ ಇದನ್ನು ರದ್ದು ಮಾಡಿಸಿ ಬರಬೇಕು. ಮರೆತರೆ ಅದೇ ಗಾಡಿಯ ಹೆಸರಿನಲ್ಲಿ ಮುಂದೆ ತೊಡಕಾಗುತ್ತದೆ. ಬಾಡಿಗೆ ಗಾಡಿಯಾದರೆ ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಒಯ್ಯುವಂತಿಲ್ಲ.

ಅಮೆರಿಕದ ವಿಮೆ ಅಲ್ಲಿ ನಡೆಯುವುದಿಲ್ಲ. ಮೆಕ್ಸಿಕೋದಲ್ಲಿ ಮಾನ್ಯವಾದ ವಿಮೆ ಬೇರೆ ಮಾಡಿಸಬೇಕು. ದೊಡ್ಡ ಅಪಘಾತವಾದರೆ ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಚಾಲಕನನ್ನು ಪೊಲೀಸರು ತಡೆದಿಡುವುದುಂಟು. ವಿಮೆಯ ಕಾಗದ ಆಗ ಕೈಯಲ್ಲಿರಬೇಕು.

ಇನ್ನೊಂದು ಮಾತು. ತೋಟದ ಕೋವಿ ನಮ್ಮಲ್ಲಿ ಹಲವರ ಮನೆಯಲ್ಲಿದೆ. ಟೆಕ್ಸಾಸಿನಲ್ಲಂತೂ ಬಂದೂಕು ಸಾಮಾನ್ಯ. ಮೆಕ್ಸಿಕೋಗೆ ಒಂದೇ ಒಂದು ತೋಟಾ ಒಯ್ದರೂ ಅಪರಾಧ. ಎರವಲು ಪಡೆದ ಗಾಡಿಯ ಮೂಲೆಮುಡುಕುಗಳನ್ನು ತಡಕಿ ನೋಡಿಯೇ ಗಡಿ ದಾಟುವುದು ಕ್ಷೇಮ.

ರಸ್ತೆಯ ರೀತಿ

ಮೆಕ್ಸಿಕೋ ಸಣ್ಣ ದೇಶವಲ್ಲ. ವಿಸ್ತೀರ್ಣ ಸುಮಾರು 19.6 ಲಕ್ಷ ಚದರ ಕಿ.ಮೀ., ಅಂದರೆ ನಮ್ಮ ಕರ್ನಾಟಕದ ಹತ್ತರಷ್ಟು. ಟೆಕ್ಸಾಸ್ ಗಡಿಯಿಂದ ಗ್ವಾಟೆಮಾಲಾ ಗಡಿಯ ಕಾಫಿ ಸೀಮೆಗೆ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಅವಸರದಲ್ಲಿ ಮುಗಿಸುವ ಪ್ರಯಾಣ ಇದಲ್ಲ.

ಮುಖ್ಯ ರಸ್ತೆಗಳು ಎರಡು ಬಗೆ. ‘ಕ್ವೋತಾ’ ಎಂದರೆ ಸುಂಕದ ರಸ್ತೆ; ಅಗಲ, ನುಣುಪು, ದುಬಾರಿ. ಗಾಡಿಯ ಅಚ್ಚುಗಳ ಲೆಕ್ಕದ ಮೇಲೆ ಸುಂಕ ಏರುತ್ತದೆ. ‘ಲಿಬ್ರೆ’ ಎಂದರೆ ಸುಂಕವಿಲ್ಲದ ಹಳೆಯ ರಸ್ತೆ. ಊರೂರು ಹಾದು ಹೋಗುತ್ತದೆ. ಹಳ್ಳಿ ನೋಡುವವರಿಗೆ ಎರಡನೆಯದೇ ದಾರಿ. ಅದರಲ್ಲಿ ಹೆಜ್ಜೆಹೆಜ್ಜೆಗೆ ಸಿಗುವುದು ‘ತೋಪೆ’, ಅಂದರೆ ರಸ್ತೆ ಉಬ್ಬು. ಊರಿನ ಆದಿಯಲ್ಲಿ, ಶಾಲೆಯ ಮುಂದೆ, ಅಂಗಡಿಯ ಮುಂದೆ, ಕೆಲವೆಡೆ ಬಣ್ಣವೂ ಇಲ್ಲದೆ, ಫಲಕವೂ ಇಲ್ಲದೆ ಎದ್ದು ನಿಂತಿರುತ್ತದೆ. ನೋಡದೆ ಹತ್ತಿಸಿದರೆ ಒಳಗಿನ ಪಾತ್ರೆಪಗಡಿ ಮಾತ್ರವಲ್ಲ, ಅಡಿಯಲ್ಲಿ ಕಟ್ಟಿದ ನೀರಿನ ಕೊಳವೆಯೂ ಹೋಯಿತು.

ವಾಹನಗಳು ಅಲ್ಲಿ ರಸ್ತೆಯ ಬಲಗಡೆ ಚಲಿಸುತ್ತವೆ. ಒಂದೇ ಗಾಡಿ ಹಿಡಿಸುವ ಸೇತುವೆಯಲ್ಲಿ ಯಾರು ಮೊದಲು ದೀಪ ಮಿನುಗಿಸಿದರೋ ಅವರು ಮೊದಲು ದಾಟುವುದು ವಾಡಿಕೆ. ಮುಂದಿನ ಲಾರಿ ಎಡಗಡೆಯ ದೀಪ ಮಿನುಗಿಸಿದರೆ ‘ನಾನು ಎಡಕ್ಕೆ ತಿರುಗುತ್ತೇನೆ’ ಎಂದೂ ಆಗಬಹುದು, ‘ನೀವು ಮುಂದೆ ಹೋಗಿ’ ಎಂದೂ ಆಗಬಹುದು. ಅನುಮಾನವಿದ್ದಲ್ಲಿ ಹಿಂದೆಯೇ ಇರುವುದು ಲೇಸು. ರಾತ್ರಿ ಪ್ರಯಾಣ ಬೇಡವೆಂದು ಅಲ್ಲಿಯ ಅನುಭವಿಗಳೆಲ್ಲರ ಮಾತು. ದನಕರು ರಸ್ತೆಯ ಮೇಲೆ ಮಲಗಿರುತ್ತವೆ, ಗುಂಡಿ ಕಾಣುವುದಿಲ್ಲ, ದೀಪವಿಲ್ಲದ ಗಾಡಿಗಳಿರುತ್ತವೆ. ಸಂಜೆ ನಾಲ್ಕರೊಳಗೆ ತಂಗುವ ಜಾಗ ಹಿಡಿದುಬಿಡಬೇಕು.

ಗಾಡಿ ಕೆಟ್ಟರೆ ಗಾಬರಿಯಾಗಬೇಕಿಲ್ಲ. 1960ರಿಂದ ಸರ್ಕಾರದ ‘ಹಸಿರು ದೇವದೂತರು’ ಎಂಬ ಪಡೆ ಹಸಿರು ಬಣ್ಣದ ವಾಹನಗಳಲ್ಲಿ ಹೆದ್ದಾರಿ ಸುತ್ತುತ್ತದೆ. 078ಕ್ಕೆ ದೂರವಾಣಿ ಮಾಡಿದರೆ ಬರುತ್ತಾರೆ. ಕೂಲಿ ಇಲ್ಲ, ಬಿಡಿಭಾಗ, ಇಂಧನಕ್ಕೆ ಮಾತ್ರ ಹಣ. ಟೈರು ತೇಪೆಗೆ ಪ್ರತಿ ಊರಿನಲ್ಲೂ ಹಳೆಯ ಟೈರು ತೂಗುಹಾಕಿದ ಅಂಗಡಿ ಇದೆ. ಬಾಗಿಲ ಮೇಲೆ ‘ವುಲ್ಕಾನಿಸಾದೋರಾ’ ಎಂದು ಬರೆದಿರುತ್ತದೆ. ನಮ್ಮ ವಲ್ಕನೈಸಿಂಗ್ ಅಂಗಡಿಯೇ!

ದಕ್ಷಿಣದಲ್ಲಿ ವಹಾಕಾ ರಾಜ್ಯದಿಂದ ಚಿಯಾಪಾಸ್‌ಗೆ ಹೋಗುವಾಗ ತೆವಾಂತೆಪೆಕ್ ಭೂಸಂಧಿ ದಾಟಬೇಕು. ಇಲ್ಲಿ ಎರಡು ಸಮುದ್ರಗಳ ನಡುವಿನ ನೆಲ ಸುಮಾರು 200 ಕಿ.ಮೀ. ಮಾತ್ರ. ಎರಡು ಬದಿಯೂ ಬೆಟ್ಟ, ನಡುವೆ ಕಣಿವೆ. ಚಳಿಗಾಲದಲ್ಲಿ ಉತ್ತರದ ತಣ್ಣನೆಯ ಗಾಳಿ ಮೆಕ್ಸಿಕೋ ಕೊಲ್ಲಿಯಿಂದ ಈ ಕಣಿವೆಯೊಳಗೆ ನುಗ್ಗಿ ಪೆಸಿಫಿಕ್ ಕಡೆಗೆ ಹೊರಬೀಳುತ್ತದೆ. ಅಲ್ಲಿಯ ಒಂದು ಊರಿನ ಹೆಸರೇ ‘ಲಾ ವೆಂತೋಸಾ’, ಗಾಳಿಯೂರು. ಗಂಟೆಗೆ 100 ಕಿ.ಮೀ. ಮೀರಿದ ಗಾಳಿ ಅಪರೂಪವಲ್ಲ. ಈ ಗಾಳಿಯಿಂದ ವಿದ್ಯುತ್ ತೆಗೆಯುವ ನೂರಾರು ಗಿರಣಿಗಳು ನಿಂತಿವೆ. ಮೊದಲನೆಯವು 1994ರಲ್ಲಿ ಬಂದವು. ಬದಿ ಅಗಲವಾದ ಎತ್ತರದ ಗಾಡಿಯನ್ನು ಈ ಗಾಳಿ ಉರುಳಿಸಬಲ್ಲದು. ರಸ್ತೆ ಮುಚ್ಚಿದ್ದಾರೆಂದು ತಿಳಿದರೆ ಒಂದೆರಡು ದಿನ ಕಾಯುವುದೇ ಜಾಣತನ.

ಸುರಕ್ಷತೆಯ ಮಾತನ್ನೂ ಮರೆಮಾಚುವಂತಿಲ್ಲ. ಕಳ್ಳಸಾಗಣೆ ಗುಂಪುಗಳ ಕಾಳಗ ಹಲವು ರಾಜ್ಯಗಳಲ್ಲಿದೆ. ಟೆಕ್ಸಾಸಿಗೆ ಹೊಂದಿದ ತಮೌಲಿಪಾಸ್ ರಾಜ್ಯಕ್ಕೆ ಹೋಗಬೇಡಿರೆಂದು ಅಮೆರಿಕ ಸರ್ಕಾರವೇ ತನ್ನ ಪ್ರಜೆಗಳಿಗೆ ಎಚ್ಚರಿಕೆ ಕೊಟ್ಟಿದೆ. ಅದನ್ನು ತಪ್ಪಿಸಲು ಅನೇಕರು ನ್ವೆವೊ ಲೆಯೋನ್ ರಾಜ್ಯದ ಕೊಲೊಂಬಿಯಾ ಸೇತುವೆಯಿಂದ ಮೊಂತೆರ್ರೇ ಕಡೆಗೆ ಇಳಿಯುತ್ತಾರೆ. ಶಾಂತವೆನಿಸಿದ್ದ ಚಿಯಾಪಾಸ್‌ನ ಗಡಿಭಾಗದಿಂದಲೂ 2024ರ ಜುಲೈಯಲ್ಲಿ ನೂರಾರು ಮಂದಿ ಮನೆಬಿಟ್ಟು ಗ್ವಾಟೆಮಾಲಾಕ್ಕೆ ಓಡಬೇಕಾಯಿತು. ಹೊರಡುವ ವಾರದ ಸುದ್ದಿ ಕೇಳಿ, ಸ್ಥಳೀಯರನ್ನು ವಿಚಾರಿಸಿ ಮುಂದುವರಿಯಬೇಕು. ಬೇಡವೆಂದ ದಾರಿಯನ್ನು ಬಿಡಬೇಕು.

ತಂಗುವುದು, ಉಣ್ಣುವುದು

ಹಳ್ಳಿಯಲ್ಲಿ ರಾತ್ರಿ ಗಾಡಿ ನಿಲ್ಲಿಸುವ ಮುನ್ನ ಕೇಳಿ ನಿಲ್ಲಿಸಬೇಕು. ಯಾರನ್ನು ಕೇಳಬೇಕು? ಇದಕ್ಕೆ ಅಲ್ಲಿಯ ಭೂಮಿಯ ವ್ಯವಸ್ಥೆ ತಿಳಿದಿರಬೇಕು. 1917ರ ಸಂವಿಧಾನದ 27ನೇ ವಿಧಿಯಂತೆ ದೊಡ್ಡ ಜಮೀನುಗಳನ್ನು ಒಡೆದು ಊರಿನವರ ಸಮುದಾಯಕ್ಕೆ ಹಂಚಿದರು. ಇಂಥ ಭೂಮಿಗೆ ‘ಎಹೀದೊ’ ಎನ್ನುತ್ತಾರೆ. 1934ರಿಂದ 1940ರವರೆಗೆ ಅಧ್ಯಕ್ಷರಾಗಿದ್ದ ಲಾಸಾರೊ ಕಾರ್ದೆನಾಸ್ ಅವರ ಕಾಲದಲ್ಲಿಯೇ ಸುಮಾರು 1.8 ಕೋಟಿ ಹೆಕ್ಟೇರ್ ಹಂಚಲಾಯಿತು. ಕುಟುಂಬಕ್ಕೆ ಉಳುವ ಹಕ್ಕು, ಒಡೆತನ ಸಮುದಾಯದ್ದು, ಮಾರುವಂತಿರಲಿಲ್ಲ. 1992ರ ತಿದ್ದುಪಡಿಯಿಂದ ಸ್ವಂತ ಮಾಡಿಕೊಳ್ಳುವ, ಮಾರುವ ದಾರಿ ತೆರೆಯಿತು. ನಮ್ಮಲ್ಲಿ 1974ರ ಭೂಸುಧಾರಣೆಯಿಂದ ಗೇಣಿದಾರರು ನೇರವಾಗಿ ಒಡೆಯರಾದರು. ಅಲ್ಲಿ ಊರೇ ಒಡೆಯನಾಯಿತು. ಈ ಎಹೀದೊಗೆ ಒಬ್ಬ ಮುಖ್ಯಸ್ಥ ಇರುತ್ತಾನೆ. ಅವನನ್ನೋ ಊರ ಹಿರಿಯರನ್ನೋ ಕಂಡು ಕೇಳಿದರೆ ಶಾಲೆಯ ಬಯಲೋ ಆಟದ ಮೈದಾನವೋ ತೋರಿಸುತ್ತಾರೆ. ಒಂದಿಷ್ಟು ಹಣ ಕೇಳಿದರೆ ಕೊಡುವುದು ನ್ಯಾಯ.

ಕುಡಿಯಲು ನಲ್ಲಿಯ ನೀರು ಬೇಡ. 20 ಲೀಟರಿನ ಶುದ್ಧ ನೀರಿನ ಕ್ಯಾನ್ ಎಲ್ಲೆಡೆ ಸಿಗುತ್ತದೆ. ಗಾಡಿಯ ಕಕ್ಕಸಿನ ತೊಟ್ಟಿ ಖಾಲಿ ಮಾಡುವ ಜಾಗಗಳು ಮಾತ್ರ ವಿರಳ. ಹಾಗೆಂದು ಹಳ್ಳಕ್ಕೆ ಬಿಡುವುದು ಪಾಪದ ಕೆಲಸ. ಆ ಹಳ್ಳದ ನೀರಿನಲ್ಲೇ ಕೆಳಗಿನ ಊರಿನವರು ಕಾಫಿ ತೊಳೆಯುತ್ತಾರೆ, ಅದನ್ನೇ ಕುಡಿಯುತ್ತಾರೆ.

ಊಟದ ಜೀವಾಳ ಮೆಕ್ಕೆಜೋಳದ ತೆಳು ರೊಟ್ಟಿ, ‘ತೋರ್ತಿಯಾ’. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ಅರೆಯುತ್ತಾರೆ. ಸುಣ್ಣದಿಂದ ಸಿಪ್ಪೆ ಕಳಚುವುದಲ್ಲದೆ ಜೋಳದಲ್ಲಿ ಬಂಧಿತವಾಗಿದ್ದ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವಂತಾಗುತ್ತದೆ. ಈ ಉಪಾಯ ಕಲಿಯದೆ ಬರೀ ಜೋಳವನ್ನು ಒಯ್ದು ಉಂಡ ಯೂರೋಪಿನ ಬಡವರು ಪೆಲ್ಲಾಗ್ರ ರೋಗಕ್ಕೆ ತುತ್ತಾದರು. ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು: ಬೇಯಿಸಿದ ಹುರುಳಿಕಾಯಿ ಬೀಜಕ್ಕೆ ಹಂದಿಯ ಕೊಬ್ಬು ಹಾಕುವ ರೂಢಿಯಿದೆ. ಒಲೆ ಗಾಡಿಯಲ್ಲೇ ಇರುವುದರಿಂದ ಸಂತೆಯಲ್ಲಿ ತರಕಾರಿ ಕೊಂಡು ನಾವೇ ಬೇಯಿಸಿಕೊಳ್ಳಬಹುದು. ಮೆಣಸಿನಕಾಯಿ, ಟೊಮೇಟೊ, ಬೆಣ್ಣೆಹಣ್ಣು, ಪಪಾಯಿ ಎಲ್ಲವೂ ಆ ಸೀಮೆಯವೇ. ನಮ್ಮ ಹಿತ್ತಲಿನ ಚಿಕ್ಕು, ಹಬ್ಬಕ್ಕೆ ಕಟ್ಟುವ ಚೆಂಡುಹೂವು ಕೂಡ ಅಲ್ಲಿಂದಲೇ ಬಂದವು.

ದಾರಿಯಲ್ಲಿ ಕಾಣುವ ತೋಟಗಳು

ಅಡಿಕೆ ಬೆಳೆಯುವ ವಾಡಿಕೆ ಮೆಕ್ಸಿಕೋದಲ್ಲಿಲ್ಲ. ಆದರೆ ಅಡಿಕೆ ತೋಟದಲ್ಲಿ ನಾವು ನಡುಬೆಳೆಯಾಗಿ ಹಾಕಿದ ಎರಡು ಗಿಡಗಳ ಹಳೆಯ ಮನೆ ಅದು. ವೆರಾಕ್ರೂಜ್ ರಾಜ್ಯದ ಪಪಾಂತ್ಲಾ ಸುತ್ತಿನ ತೊತೊನಾಕ್ ಜನ ಶತಮಾನಗಳಿಂದ ವೆನಿಲ್ಲಾ ಬೆಳೆಸುತ್ತಿದ್ದಾರೆ. 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಹುಡುಗ ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ಕ್ರಮ ಕಂಡುಹಿಡಿದ. ಅಲ್ಲಿಂದಾಚೆಗೆ ಬಳ್ಳಿ ಬೇರೆ ದೇಶಗಳಲ್ಲೂ ಕಾಯಿಬಿಟ್ಟಿತು, ಮೆಕ್ಸಿಕೋದ ಏಕಸ್ವಾಮ್ಯ ಮುರಿಯಿತು. 2003–04ರಲ್ಲಿ ವೆನಿಲ್ಲಾ ಬೆಲೆ ಏರಿ ಬಿದ್ದದ್ದನ್ನು ನಮ್ಮವರು ಮರೆತಿರಲಾರರು. ಇನ್ನೊಂದು ಕೋಕೋ. ಗ್ವಾಟೆಮಾಲಾ ಗಡಿಯ ಸೊಕೊನುಸ್ಕೊ ಸೀಮೆ ಹಿಂದೆ ಅಜ್ಟೆಕ್ ದೊರೆಗಳಿಗೆ ಕಪ್ಪವಾಗಿ ಕೋಕೋ ಬೀಜ ಕೊಡುತ್ತಿತ್ತು. ಆ ಬೀಜ ಆಗ ನಾಣ್ಯದಂತೆಯೂ ಚಲಾವಣೆಯಲ್ಲಿತ್ತು.

ಕಾಫಿಗೆ ಅಲ್ಲಿಯ ನೆರಳು ಮರ ‘ಇಂಗಾ’. ನಮ್ಮ ಹಾಲವಾಣದಂತೆ ಸಾರಜನಕ ಹಿಡಿಯುವ ದ್ವಿದಳ ಜಾತಿ. ಉದ್ದನೆಯ ಕೋಡಿನೊಳಗಿನ ಬಿಳಿ ತಿರುಳನ್ನು ಮಕ್ಕಳು ತಿನ್ನುತ್ತಾರೆ. ನಾವು ಗೊಬ್ಬರದ ಗಿಡವೆಂದು ಬೇಲಿಗೆ ನೆಟ್ಟ ಗ್ಲಿರಿಸಿಡಿಯಾ ಕೂಡ ಅಲ್ಲಿಯ ಮೂಲದ್ದು. ಕೋಕೋ ತೋಟಕ್ಕೆ ನೆರಳಾಗಿ ನಿಂತಿದ್ದರಿಂದ ‘ಕೋಕೋ ತಾಯಿ’ ಎಂದು ಹೆಸರು.

ಪುಯೆಬ್ಲಾ ರಾಜ್ಯದ ಬೆಟ್ಟದ ಮೇಲೆ ಕ್ವೆತ್ಸಾಲಾನ್ ಎಂಬ ಮಳೆಯೂರಿದೆ. ಭಾನುವಾರ ಸಂತೆ. ನಾವಾ ಭಾಷೆಯ ಹೆಂಗಸರು ಬಿಳಿ ಉಡುಗೆಯಲ್ಲಿ ಬಂದು ಕಾಫಿ, ದಾಲ್ಚಿನ್ನಿ, ಗಂಧಮೆಣಸು ಮಾರುತ್ತಾರೆ. ಅಲ್ಲಿಯ ಮನೆಗಳ ಗೋಡೆ ಬದಿಯಲ್ಲಿ ಜೋಡುಗಡಿಗೆಗಳನ್ನು ಕವುಚಿ ಮೆತ್ತಿಟ್ಟಿರುವುದು ಕಾಣುತ್ತದೆ. ಒಳಗೆ ಕುಟುಕದ ಸಣ್ಣ ಜೇನು. ನಮ್ಮ ಮಿಸರಿ ಅಥವಾ ಮುಜಂಟಿ ಜೇನಿನ ಸಂಬಂಧಿ.

ಸಣ್ಣ ಬೆಳೆಗಾರನ ಪಾಡು

ಮೆಕ್ಸಿಕೋದಲ್ಲಿ ಸುಮಾರು 5 ಲಕ್ಷ ಕಾಫಿ ಬೆಳೆಗಾರರು. ಬಹುತೇಕರ ತೋಟ 2 ಹೆಕ್ಟೇರಿಗಿಂತ ಕಡಿಮೆ. 1958ರಲ್ಲಿ ಸ್ಥಾಪಿತವಾದ ‘ಇನ್ಮೆಕಾಫೆ’ ಎಂಬ ಸರ್ಕಾರಿ ಸಂಸ್ಥೆ ಅವರಿಗೆ ಸಾಲ, ಸಸಿ, ತಾಂತ್ರಿಕ ಸಲಹೆ ಕೊಟ್ಟು ಕಾಫಿಯನ್ನೂ ಕೊಳ್ಳುತ್ತಿತ್ತು. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದು ಬೆಲೆ ಕುಸಿಯಿತು. ಅದೇ ವರ್ಷ ಸರ್ಕಾರ ಇನ್ಮೆಕಾಫೆಯನ್ನು ಮುಚ್ಚಲು ತೊಡಗಿತು. 1993ಕ್ಕೆ ಅದು ಪೂರ್ಣ ಇಲ್ಲವಾಯಿತು. 1989ರ ಡಿಸೆಂಬರಿನಲ್ಲಿ ಕ್ವೆತ್ಸಾಲಾನ್ ಸುತ್ತ ಹಿಮಪಾಳಿ ಬಿದ್ದು ಗಿಡಗಳು ಸುಟ್ಟು ಕಪ್ಪಾದವು. ಬೆಲೆ, ಬೆಂಬಲ, ಬೆಳೆ ಮೂರೂ ಒಂದೇ ವರ್ಷ ಕೈಬಿಟ್ಟವು. ನಮ್ಮಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ 1990ರ ದಶಕದಲ್ಲಿ ಹಂತಹಂತವಾಗಿ ಹೋಗಿ, ಆ ಸಮಯಕ್ಕೆ ಬೆಲೆ ಚೇತರಿಸಿಕೊಂಡಿದ್ದರಿಂದ ಪೆಟ್ಟು ಅಷ್ಟಾಗಿ ತಟ್ಟಲಿಲ್ಲ. ಅಲ್ಲಿಯ ಅನೇಕ ಬೆಳೆಗಾರರು ತೋಟ ಪಾಳುಬಿಟ್ಟು ಕೂಲಿಗೆ ಅಮೆರಿಕಕ್ಕೆ ಹೋದರು.

ಉಳಿದುಕೊಂಡವರಲ್ಲಿ ಮೊದಲೇ ಒಟ್ಟುಗೂಡಿದ್ದವರು ಹೆಚ್ಚು. ಕ್ವೆತ್ಸಾಲಾನಿನ ‘ತೊಸೆಪಾನ್ ತಿತಾತಾನಿಸ್ಕೆ’ 1977ರಲ್ಲಿ, ಊರವರು ಸಕ್ಕರೆಯನ್ನು ನ್ಯಾಯದ ಬೆಲೆಗೆ ಕೊಳ್ಳಲೆಂದು ಸೇರಿ ಹುಟ್ಟಿದ ಸಹಕಾರ ಸಂಘ. ಕಾಫಿ, ಗಂಧಮೆಣಸು, ಜೇನುತುಪ್ಪ ಎಲ್ಲವನ್ನೂ ಈಗ ಅದು ಮಾರುತ್ತದೆ. ವಹಾಕಾದ ‘ಉಸಿರಿ’ ಸಂಘ 1980ರ ದಶಕದ ಆರಂಭದ್ದು. ಅದರೊಡನೆ ದುಡಿದ ಡಚ್ ಪಾದ್ರಿ ಫ್ರಾನ್ಸ್ ವಾಂಡರ್ ಹೋಫ್ ಅವರ ಯತ್ನದಿಂದ 1988ರಲ್ಲಿ ನೆದರ್ಲೆಂಡ್ಸಿನಲ್ಲಿ ‘ಮ್ಯಾಕ್ಸ್ ಹಾವೆಲಾರ್’ ಎಂಬ ನ್ಯಾಯಬೆಲೆಯ ಮುದ್ರೆ ಬಂತು. ಇಂದು ಅಂಗಡಿಗಳಲ್ಲಿ ಕಾಣುವ ಅಂಥ ಮುದ್ರೆಗಳಿಗೆಲ್ಲ ಅದೇ ಮೊದಲು.

ಗಾಡಿಯಲ್ಲಿ ಕೂತು ಬರುವ ಪಿಡುಗು

ಈಗ ಎಲ್ಲಕ್ಕಿಂತ ಮುಖ್ಯ ಸಂಗತಿ. ಮೆಕ್ಸಿಕೋದ ರಸ್ತೆಗಳಲ್ಲಿ ಅಲ್ಲಲ್ಲಿ ಗಾಡಿ ತಡೆದು, ಅಡುಗೆ ಕಪಾಟು ತೆರೆಸಿ, ಹಣ್ಣುಹಂಪಲು ಕಿತ್ತುಕೊಳ್ಳುತ್ತಾರೆ. ಪ್ರವಾಸಿಗರು ಗೊಣಗುವುದುಂಟು. ತೋಟದವರಾದ ನಾವು ಗೊಣಗಬಾರದು. ಮೆಡಿಟರೇನಿಯನ್ ಹಣ್ಣುನೊಣ 1977ರಲ್ಲಿ ಗ್ವಾಟೆಮಾಲಾದಿಂದ ಚಿಯಾಪಾಸ್‌ಗೆ ನುಗ್ಗಿತು. ಕಾಫಿ ಹಣ್ಣು ಅದಕ್ಕೆ ಪ್ರಿಯ. ತಪಾಚುಲಾ ಬಳಿಯ ಮೆತಾಪಾದಲ್ಲಿ 1979ರಲ್ಲಿ ಒಂದು ಕಾರ್ಖಾನೆ ತೆರೆದರು. ಅಲ್ಲಿ ನೊಣಗಳನ್ನೇ ಕೋಟಿಗಟ್ಟಲೆ ಸಾಕಿ, ವಿಕಿರಣದಿಂದ ಬಂಜೆ ಮಾಡಿ, ವಿಮಾನದಿಂದ ಬಿಟ್ಟರು. ಕಾಡುನೊಣದ ಹೆಣ್ಣು ಬಂಜೆ ಗಂಡಿನೊಡನೆ ಕೂಡಿದರೆ ಮೊಟ್ಟೆಗೆ ಜೀವವಿರುವುದಿಲ್ಲ. 1982ರ ಹೊತ್ತಿಗೆ ನೊಣ ಹೋಯಿತು. ಮತ್ತೆ ಬರದಂತೆ ಕಾಯುವುದೇ ಆ ತಪಾಸಣೆ.

ರೋಗಕೀಟಗಳೂ ಪ್ರಯಾಣಿಕರೇ. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಬೇಗನೆ ನಮ್ಮ ತೋಟಗಳಿಗೂ ಬಂತು. ಶತಮಾನ ಕಳೆದು 1970ರಲ್ಲಿ ಬ್ರೆಜಿಲ್, 1981ರಲ್ಲಿ ಮೆಕ್ಸಿಕೋ ತಲುಪಿತು. 2012–13ರಲ್ಲಿ ಅದು ಉಲ್ಬಣಿಸಿದಾಗ ಮೆಕ್ಸಿಕೋದ ಇಳುವರಿ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು. ಕಾಯಿಕೊರಕ ಅಲ್ಲಿ 1978ರಲ್ಲಿ, ನಮ್ಮಲ್ಲಿ 1990ರಲ್ಲಿ ಗೂಡಲೂರಿನಲ್ಲಿ ಕಾಣಿಸಿತು. ಅದನ್ನು ಹತೋಟಿಗೆ ತರುವ ಪರತಂತ್ರ ಕಣಜವನ್ನು 1990ರ ದಶಕದಲ್ಲಿ ಮೆಕ್ಸಿಕೋದಿಂದಲೇ ತರಿಸಲಾಯಿತು. ಕಾಂಗ್ರೆಸ್ ಕಳೆ ತಿನ್ನುವ ದುಂಬಿಯನ್ನೂ 1983ರಲ್ಲಿ ಅಲ್ಲಿಂದಲೇ ಬೆಂಗಳೂರಿಗೆ ತಂದು, ಪರೀಕ್ಷಿಸಿ, ಮರುವರ್ಷ ಬಿಟ್ಟರು. ಇವೆಲ್ಲ ವಿಜ್ಞಾನಿಗಳು ಬೀಗಹಾಕಿದ ಕೋಣೆಯಲ್ಲಿ ಪರೀಕ್ಷೆ ಮಾಡಿ ತಂದವು. ನಾವು ಚೀಲದ ಮೂಲೆಯಲ್ಲಿ ತರುವುದಕ್ಕೆ ಆ ಪರೀಕ್ಷೆ ಇರುವುದಿಲ್ಲ.

ಅಮೆರಿಕ ಖಂಡದ ಕಾಫಿ ತೋಟಗಳಲ್ಲಿ ‘ಕೋಳಿಕಣ್ಣು’ ಎಂಬ ಎಲೆಚುಕ್ಕೆ ಶಿಲೀಂಧ್ರವಿದೆ. ಎಲೆಯೊಳಗೆ ಸುರಂಗ ಕೊರೆಯುವ ಸಣ್ಣ ಪತಂಗವಿದೆ. ಇವೆರಡೂ ನಮ್ಮ ನೆಲಕ್ಕೆ ಬಂದಿಲ್ಲ. ಆದ್ದರಿಂದ ಅಲ್ಲಿಯ ತೋಟ ನೋಡಿದವರು ಒಂದು ಬೀಜ, ಒಂದು ಎಲೆ, ಒಂದು ವೆನಿಲ್ಲಾ ಬಳ್ಳಿಯ ತುಂಡು ಕೂಡ ಆಸೆಪಟ್ಟು ತರಬಾರದು. ನಮ್ಮ ದೇಶದ 2003ರ ಸಸ್ಯ ಸಂಪರ್ಕ ನಿಷೇಧ ಆದೇಶದಂತೆ ಅದು ಕಾನೂನುಬಾಹಿರವೂ ಹೌದು. ತೋಟ ಸುತ್ತಿದ ಪಾದರಕ್ಷೆಯನ್ನು ಕೆಸರು ಉಳಿಯದಂತೆ ಸಾಬೂನಿನಲ್ಲಿ ತೊಳೆದು ಒಣಗಿಸಬೇಕು. ಉಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಆಮೇಲೆ ಊರಿನ ದಾರಿ ಹಿಡಿಯಬೇಕು. ಮನೆ ತಲುಪಿದ ದಿನವೇ ಅದೇ ಚಪ್ಪಲಿಯಲ್ಲಿ ತೋಟಕ್ಕೆ ಇಳಿಯಬಾರದು. ಹುರಿದ ಕಾಫಿ ಪುಡಿ ತಂದರೆ ಅಡ್ಡಿಯಿಲ್ಲ. ರುಚಿ ನೋಡಿ ನಮ್ಮದರೊಡನೆ ಹೋಲಿಸಬಹುದು.

ಈ ಸೀಮೆಯಲ್ಲಿ ಓಡಾಡಿ ಬಂದ ಸದಸ್ಯರು ಅಲ್ಲಿಯ ಮರಗಸಿ, ಕೊಯ್ಲಿನ ಕೂಲಿ, ಕಣದ ಕೆಲಸ ಇವುಗಳ ಬಗ್ಗೆ ತಾವು ಕಂಡದ್ದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.